ದಿನಾ ಆಸ್ಪತ್ರೆಗೆ: ಇಂಗ್ಲೆಂಡಿನಲ್ಲಿ ಗಂಡನನ್ನೋ ಹೆಂಡತಿಯನ್ನೋ ರೇಡಿಯೋಥೆರಪಿಗೆ ಕರೆದೊಯ್ಯುವವರಿಗೆ

ನಾಲಿಗೆಯ ಕ್ಯಾನ್ಸರಿಗೆ ಮೂವತ್ತು ಸಲ ರೇಡಿಯೋಥೆರಪಿ, ಅಂದರೆ ಕಿರಣ ಚಿಕಿತ್ಸೆ, ಆಗಬೇಕು, ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದರಂತೆ ಆರು ವಾರ ಎಂದು ಡಾಕ್ಟರು ಹೇಳಿದಾಗ ಇವರು, ನನ್ನ ಗಂಡ, ಕೇಳಿದ ಮೊದಲ ಪ್ರಶ್ನೆ, ‘ಹಾಗಾದರೆ ಇಲ್ಲೇ ಎಲ್ಲಾದರೂ ರೂಮು ಮಾಡಬೇಕೇ?’ ಡಾಕ್ಟರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಶಿರಸಿ ಸೀಮೆಯಲ್ಲಿ ಯಾರಿಗಾದರೂ ‘ಕರೆಂಟ್ ಕೊಡಿಸಬೇಕು’ ಎಂದಾದರೆ ಮನೆಯವರು ಮೊದಲು ಹುಡುಕುವುದು ಮಣಿಪಾಲದಲ್ಲೋ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಒಂದು ಬಾಡಿಗೆ ಕೋಣೆ, ಅಡಿಗೆಗೊಂದು ಒಲೆ, ಊರಿನಲ್ಲಿ ತೋಟ ಕೊಟ್ಟಿಗೆ ನೋಡಿಕೊಳ್ಳಲು ಒಂದು ಜನ. ಇವರ ದೊಡ್ಡಪ್ಪನಿಗೆ ಹಾಗೆಯೇ ಆಗಿತ್ತು. ದೊಡ್ಡಮ್ಮ ಏಳು ವಾರ ಪರಊರಿನ ಕೋಣೆಯಲ್ಲಿ ಅನ್ನ ಬೇಯಿಸಿದಳು.

ಉತ್ತರ ಕನ್ನಡದವರಿಗೆ ದೊಡ್ಡ ಕಾಯಿಲೆ ಎಂದರೆ ಜಿಲ್ಲೆ ದಾಟುವುದು ಎಂದೇ ಅರ್ಥ. ಕಾರವಾರದವರು ಗೋವೆಗೆ, ಹೊನ್ನಾವರ ಭಟ್ಕಳದವರು ಮಣಿಪಾಲ ಮಂಗಳೂರಿಗೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಸತ್ತಾಗ, ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕು ಎಂದು ನಮ್ಮವರೆಲ್ಲ ಕೂಗಿದ್ದು ನೆನಪಿರಬಹುದು. ಆ ಅಂಜಿಕೆಯನ್ನು ನಾವು ವಿಮಾನದಲ್ಲಿ ಜೊತೆಗೇ ತಂದಿರುತ್ತೇವೆ.

ಇಲ್ಲಿ ರೂಮು ಮಾಡಬೇಕಾಗಿಲ್ಲ. ಹೋಗಿ, ಹತ್ತಿಪ್ಪತ್ತು ನಿಮಿಷ ಯಂತ್ರದ ಕೆಳಗೆ ಮಲಗಿ, ವಾಪಸು ಬರುವುದು. ಯಾರ್ಕ್‌ಶೈರಿನ ನಮ್ಮ ಸಣ್ಣ ಊರಿನಿಂದ ಆಸ್ಪತ್ರೆಗೆ 36 ಮೈಲಿ, ಶಿರಸಿಯಿಂದ ಕುಮಟೆಗೆ ಹೆಚ್ಚುಕಡಿಮೆ ಅಷ್ಟೇ. ಮೂವತ್ತು ದಿನಕ್ಕೆ ಲೆಕ್ಕ ಹಾಕಿದರೆ 2,160 ಮೈಲಿ. ಅಷ್ಟು ದೂರ ಕಾರು ಓಡಿಸಿದವಳು ನಾನು. ಕಲಿತದ್ದನ್ನು, ಅದರಲ್ಲೂ ತಡವಾಗಿ ಕಲಿತದ್ದನ್ನು, ಬರೆದಿಡುತ್ತಿದ್ದೇನೆ. ನಿಯಮಗಳೆಲ್ಲ ಇಂಗ್ಲೆಂಡಿನವು, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಕೆಲವು ಬೇರೆ ಇವೆ.

ವಶೀಲಿ ಇಲ್ಲದ ಊರು

ಇವರ ನಾಲಿಗೆಯ ಎಡಬದಿಯಲ್ಲೊಂದು ಹುಣ್ಣು. ಬಿ-ಕಾಂಪ್ಲೆಕ್ಸ್ ನುಂಗಿ, ತುಪ್ಪ ಸವರಿ ಒಂದೂವರೆ ತಿಂಗಳು ಕಳೆದೆವು. ಕಾರಣವಿಲ್ಲದೆ ಮೂರು ವಾರಕ್ಕಿಂತ ಹೆಚ್ಚು ದಿನ ಮಾಯದ ಬಾಯಿಹುಣ್ಣನ್ನು ಕ್ಯಾನ್ಸರ್ ಸಂಶಯದ ಮೇಲೆ ತುರ್ತಾಗಿ ಕಳುಹಿಸಬೇಕೆಂಬುದು ಇಲ್ಲಿನ ಡಾಕ್ಟರುಗಳಿಗಿರುವ ಸೂಚನೆ. ಎನ್‌ಎಚ್‌ಎಸ್‌ನಲ್ಲಿ, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ, ನೇರವಾಗಿ ತಜ್ಞರ ಬಾಗಿಲು ಬಡಿಯುವಂತಿಲ್ಲ. ಜಿಪಿ, ಅಂದರೆ ನೀವು ಹೆಸರು ನೋಂದಾಯಿಸಿದ ಊರಿನ ಡಾಕ್ಟರು, ಇಲ್ಲವೇ ಹಲ್ಲಿನ ಡಾಕ್ಟರು ಕಳುಹಿಸಬೇಕು. ಹಾಗೆ ಕಳುಹಿಸಿದ ಮೇಲೆ 28 ದಿನದೊಳಗೆ ಕ್ಯಾನ್ಸರ್ ಹೌದೋ ಅಲ್ಲವೋ ಹೇಳಬೇಕು, 62 ದಿನದೊಳಗೆ ಚಿಕಿತ್ಸೆ ಶುರುವಾಗಬೇಕು ಎಂಬುದು ಗುರಿ. ಎರಡನೆಯ ಗುರಿ ವರ್ಷಗಳಿಂದ ದೇಶದಲ್ಲಿ ತಪ್ಪುತ್ತಲೇ ಇದೆ. ಆದರೂ ಈ ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ. ಫೋನು ಮಾಡಿ ‘ನಾವು ಈಗ ಎಷ್ಟನೆಯ ದಿನದಲ್ಲಿದ್ದೇವೆ?’ ಎಂದು ಕೇಳಿದರೆ ಆ ಕಡೆಯವರು ಕಂಪ್ಯೂಟರ್ ನೋಡಿಯೇ ಉತ್ತರಿಸಬೇಕಾಗುತ್ತದೆ.

ಸುದ್ದಿ ತಿಳಿದ ದಿನವೇ ಮೈದುನ ಹುಬ್ಬಳ್ಳಿಯಿಂದ ಫೋನು ಮಾಡಿ, ‘ಅತ್ತಿಗೆ, ಅಲ್ಲಿ ಯಾರ ಗುರುತು ಇದೆ? ಯಾರನ್ನು ಹಿಡಿದರೆ ಬೇಗ ಆಗುತ್ತದೆ?’ ಎಂದ. ಪಾಪ, ಊರಿನಲ್ಲಿ ಇಪ್ಪತ್ತು ಜನರನ್ನು ಆಸ್ಪತ್ರೆಗೆ ಸೇರಿಸಿ ಅನುಭವವಿದ್ದವನು. ಇಲ್ಲಿ ಹಿಡಿಯಲು ಯಾರೂ ಇಲ್ಲ. ಆದರೆ ಕೇಳಲು ಒಬ್ಬರಿದ್ದಾರೆ, ಅವರನ್ನು ಮಾತ್ರ ಬಿಡಬೇಡಿ. ಕ್ಯಾನ್ಸರ್ ರೋಗಿಗಳಿಗೆ ತಮ್ಮದೇ ತಜ್ಞ ನರ್ಸ್ ಒಬ್ಬರು ಇರುತ್ತಾರೆ, ಸಿಎನ್‌ಎಸ್ ಎನ್ನುತ್ತಾರೆ. ಶಸ್ತ್ರಚಿಕಿತ್ಸಕರು, ರೇಡಿಯೋಥೆರಪಿ ಡಾಕ್ಟರು, ಸ್ಕ್ಯಾನ್ ಓದುವವರು ಎಲ್ಲ ಕೂಡಿ ಕುಳಿತು ಚಿಕಿತ್ಸೆ ತೀರ್ಮಾನಿಸುವ ಸಭೆಯಲ್ಲಿ ಈ ನರ್ಸೂ ಇರುತ್ತಾರೆ. ದೊಡ್ಡ ಡಾಕ್ಟರು ಸಿಗುವುದು ವಾರಕ್ಕೊಮ್ಮೆ, ಹತ್ತು ನಿಮಿಷ. ನರ್ಸ್ ಫೋನಿನಲ್ಲಿ ಸಿಗುತ್ತಾರೆ. ಮೊದಲ ಭೇಟಿಯಲ್ಲಿ ಕೊಟ್ಟ ಅವರ ಕಾರ್ಡನ್ನು ನಾನು ಸೌಜನ್ಯದ ಕಾಗದವೆಂದು ಪರ್ಸಿನಲ್ಲಿಟ್ಟು ಮರೆತಿದ್ದೆ. ಮೂರು ವಾರವಾದ ಮೇಲೆ ತೆಗೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

ನಮ್ಮವರ ಇನ್ನೊಂದು ತೊಂದರೆ ಸಂಕೋಚ. ‘ಹೇಗಿದ್ದೀರಿ?’ ಎಂದು ಕೇಳಿದವರಿಗೆ ಚೆನ್ನಾಗಿದ್ದೇನೆ ಎನ್ನುವುದು ಮರ್ಯಾದೆ ಎಂದುಕೊಂಡಿದ್ದೇವೆ. ಇವರು ಒಂದು ಲೋಟ ನೀರು ನುಂಗಲಾರದ ದಿನವೂ ನರ್ಸಿಗೆ ‘ಪರವಾಗಿಲ್ಲ’ ಎಂದರು, ಅವರು ಹಾಗೆಯೇ ಬರೆದುಕೊಂಡರು. ಮರುದಿನದಿಂದ ನಾನು ಒಂದು ಸಣ್ಣ ಪುಸ್ತಕ ಇಟ್ಟೆ. ಏನು ತಿಂದರು, ಎಷ್ಟು ಕುಡಿದರು, ರಾತ್ರಿ ಎಷ್ಟು ಸಲ ಎದ್ದರು. ಕೇಳಿದಾಗ ಪುಸ್ತಕವನ್ನೇ ಕೊಡುತ್ತಿದ್ದೆ.

ರೋಗಿಗೆ ಇಂಗ್ಲಿಷ್ ಸರಿಯಾಗಿ ಬಾರದಿದ್ದರೆ ಆಸ್ಪತ್ರೆ ಖರ್ಚಿಲ್ಲದೆ ದುಭಾಷಿಯನ್ನು ಒದಗಿಸುತ್ತದೆ. ಭಾಷೆ ಕನ್ನಡ ಎಂದು ಸ್ಪಷ್ಟವಾಗಿ ಹೇಳಿ ಬರೆಯಿಸಿ. ‘ಇಂಡಿಯನ್’ ಎಂದಷ್ಟೇ ಬರೆದರೆ ಹಿಂದಿಯವರು ಬಂದು ಕೂರುತ್ತಾರೆ. ಮಕ್ಕಳನ್ನು ದುಭಾಷಿ ಮಾಡಬೇಡಿ. ಅಪ್ಪನ ಕಾಯಿಲೆ ಎಷ್ಟು ಮುಂದುವರಿದಿದೆ ಎಂಬುದು ಹದಿಮೂರರ ಹುಡುಗಿಯ ಬಾಯಲ್ಲಿ ಬರಬೇಕಾದ ಮಾತಲ್ಲ.

ಕವಳದ ಪ್ರಶ್ನೆ

ಮೊದಲ ತಪಾಸಣೆಯ ಪ್ರಶ್ನಾವಳಿಯಲ್ಲಿ ಸಿಗರೇಟು, ಮದ್ಯದ ನಂತರ ಒಂದು ಸಾಲು ಇತ್ತು: ಎಲೆಯಡಿಕೆ ಜಗಿಯುತ್ತೀರಾ? ಇವರು ನನ್ನ ಮುಖ ನೋಡಿದರು. ಶಿರಸಿಯ ಹತ್ತಿರ ನಾಲ್ಕು ಎಕರೆ ಅಡಿಕೆ ತೋಟದ ಮನೆಯ ಮಗ. ಚಾಲಿ ಸುಲಿಯುವ ಹೊತ್ತಿನಲ್ಲಿ ಹತ್ತನೆಯ ವಯಸ್ಸಿಗೇ ಮೊದಲ ಹೋಳು ಬಾಯಿಗೆ ಹಾಕಿಕೊಂಡವರು. ಕವಳದ ಬಟ್ಟಲು ಜಗುಲಿಯ ನಡುವೆ ಇಲ್ಲದ ಮನೆ ಅವರಿಗೆ ಮನೆಯೇ ಅಲ್ಲ. ‘ಜಗಿಯುವುದಷ್ಟೇ ಅಲ್ಲ, ನಾವು ಬೆಳೆಯುತ್ತೇವೆ’ ಎಂದು ನಗುತ್ತ ಹೇಳಿದರು. ನರ್ಸ್ ನಗಲಿಲ್ಲ. ಎಷ್ಟು ವರ್ಷ, ದಿನಕ್ಕೆ ಎಷ್ಟು ಸಲ, ತಂಬಾಕು ಸೇರಿಸಿಯೋ ಸೇರಿಸದೆಯೋ ಎಂದು ಕೇಳಿ ಬರೆದುಕೊಂಡರು.

ಆ ರಾತ್ರಿ ಫೋನಿನಲ್ಲಿ ಮಾವನಿಗೆ ಇದನ್ನು ಹೇಳಿದ್ದು ನನ್ನ ತಪ್ಪು. ‘ತಂಗಿ, ಅಲ್ಲಿ ಅಡಿಕೆಯ ಹೆಸರು ಯಾಕೆ ಹೇಳಿದಿರಿ?’ ಎಂದರು. ಸಿಟ್ಟು ಅಂದುಕೊಂಡೆ, ಅಳುತ್ತಿದ್ದರು ಎಂದು ಅತ್ತೆ ಮರುದಿನ ಹೇಳಿದರು.

ಅಡಿಕೆ ತಂಬಾಕಿಲ್ಲದೆಯೂ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2003ರಲ್ಲಿಯೇ ನಿರ್ಣಯಿಸಿದೆ. ನಮ್ಮ ಜಿಲ್ಲೆಯಲ್ಲಿ ಇದನ್ನು ಹೇಳಿದರೆ ಜಗಳವಾಗುತ್ತದೆ, ಯಾಕೆಂದರೆ ಮಕ್ಕಳ ಕಾಲೇಜು ಶುಲ್ಕ ಬಂದದ್ದೂ ಅದೇ ಮರದಿಂದ. ಜಗಳ ಊರಿಗಿರಲಿ. ಇಲ್ಲಿನ ಡಾಕ್ಟರಿಗೆ ನಿಜ ಹೇಳಿ. ಅವರು ಬೈಯುವುದಿಲ್ಲ, ಚಿಕಿತ್ಸೆ ನಿರಾಕರಿಸುವುದೂ ಇಲ್ಲ. ಬಾಯಿಯ ಉಳಿದ ಭಾಗವನ್ನು ಎಷ್ಟು ಎಚ್ಚರದಿಂದ ನೋಡಬೇಕೆಂಬುದು ಅದರ ಮೇಲೆ ನಿಂತಿರುತ್ತದೆ.

ಹಲ್ಲು, ಮುಖವಾಡ, ಚಂಡೆ

ಶಸ್ತ್ರಚಿಕಿತ್ಸೆಯಾಗಿ ಗಾಯ ಮಾಯುವ ಹೊತ್ತಿಗೆ ರೇಡಿಯೋಥೆರಪಿಯ ತಯಾರಿ ಶುರುವಾಗುತ್ತದೆ. ಬಾಯಿ ಗಂಟಲಿನ ರೋಗಿಗಳಾದರೆ ಮೊದಲು ಹಲ್ಲಿನ ತಪಾಸಣೆ. ಕರೆಂಟ್ ಬಿದ್ದ ದವಡೆಯಲ್ಲಿ ಮುಂದೆ ಹಲ್ಲು ಕಿತ್ತರೆ ಮೂಳೆ ಮಾಯುವುದು ಕಷ್ಟ, ಆದ್ದರಿಂದ ಕೆಟ್ಟ ಹಲ್ಲುಗಳನ್ನು ಮೊದಲೇ ಕೀಳುತ್ತಾರೆ. ಇವರಿಗೆ ಎರಡು ಹೋದವು.

ನಂತರ ಮುಖವಾಡ. ಬಿಸಿನೀರಿನಲ್ಲಿ ಮೆತ್ತಗಾದ ತೂತುತೂತಿನ ಪ್ಲಾಸ್ಟಿಕ್ ಹಾಳೆಯನ್ನು ಮುಖದಿಂದ ಭುಜದವರೆಗೆ ಎಳೆದು ಕೂರಿಸುತ್ತಾರೆ. ಕೆಲವೇ ನಿಮಿಷಗಳಲ್ಲಿ ಅದು ಗಟ್ಟಿಯಾಗಿ ಮುಖದ ಅಚ್ಚೇ ಆಗುತ್ತದೆ. ಪ್ರತಿದಿನ ಅದನ್ನು ಹಾಕಿ ಮೇಜಿಗೆ ಬಿಗಿದು, ತಲೆ ಒಂದು ಕೂದಲೆಳೆಯೂ ಅಲುಗದಂತೆ ಮಾಡಿಯೇ ಕಿರಣ ಬಿಡುವುದು. ಎದೆ, ಹೊಟ್ಟೆಯ ಭಾಗಕ್ಕಾದರೆ ಮುಖವಾಡ ಇಲ್ಲ, ಗುರುತಿಗೆ ಚರ್ಮದ ಮೇಲೆ ಸಾಸಿವೆಗಿಂತ ಚಿಕ್ಕ ಹಚ್ಚೆಯ ಚುಕ್ಕೆ ಇಡುವುದು ಹಳೆಯ ಕ್ರಮ. ಎಲ್ಲರಿಗೂ ಮೂವತ್ತು ಸಲವೂ ಅಲ್ಲ: ಸ್ತನ ಕ್ಯಾನ್ಸರಿನ ಬಹುಪಾಲು ಮಹಿಳೆಯರಿಗೆ 2020ರಿಂದೀಚೆಗೆ ಐದೇ ದಿನದಲ್ಲಿ ಮುಗಿಯುತ್ತದೆ, ಪ್ರಾಸ್ಟೇಟಿಗೆ ಸಾಮಾನ್ಯವಾಗಿ ಇಪ್ಪತ್ತು. ಪ್ರಾಸ್ಟೇಟಿನವರದು ಬೇರೆಯೇ ಕಷ್ಟ. ಲೆಕ್ಕ ಹಾಕಿದಷ್ಟು ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡೇ ಮಲಗಬೇಕು, ಮತ್ತು ಯಂತ್ರ ತಡವಾಗುವುದು ಯಾವಾಗಲೂ ನೀರು ಕುಡಿದಾದ ಮೇಲೆ. ಪಕ್ಕದ ಕುರ್ಚಿಯ ಅಜ್ಜನೊಬ್ಬ ಕಾಲು ಹೆಣೆದು ಕುಳಿತು ಗಡಿಯಾರ ನೋಡುವುದನ್ನು ದಿನಾ ನೋಡಿದ್ದೇನೆ.

ಇವರಿಗೆ ಮುಖವಾಡದೊಳಗೆ ಉಸಿರು ಕಟ್ಟಿದಂತಾಗಿ ಎರಡನೆಯ ದಿನ ಕೈ ಎತ್ತಿ ನಿಲ್ಲಿಸಿದರು. ಯಂತ್ರ ನಡೆಸುವ ರೇಡಿಯೋಗ್ರಾಫರ್ ಹುಡುಗಿ, ಇಷ್ಟದ ಸಂಗೀತ ಇದ್ದರೆ ತನ್ನಿ, ಹಾಕುತ್ತೇವೆ ಎಂದಳು. ಮರುದಿನ ಇವರು ಮೊಬೈಲಿನಲ್ಲಿ ಬಡಗುತಿಟ್ಟಿನ ಭಾಗವತಿಕೆ ಒಯ್ದರು. ಹೊರಗೆ ಕುಳಿತ ನನಗೆ ದಪ್ಪ ಬಾಗಿಲು ಮುಚ್ಚುವ ಮುಂಚೆ ಒಂದು ಕ್ಷಣ ಚಂಡೆ ಕೇಳಿಸುತ್ತಿತ್ತು. ಎರಡು ಪದ ಮುಗಿಯುವುದರೊಳಗೆ ಹೊರಗೆ ಬರುತ್ತಾರೆ ಎಂದು ನನಗೂ ಲೆಕ್ಕ ಸಿಕ್ಕಿತು.

ಅತ್ತೆಯ ಕಡೆಯಿಂದ ಬಂದ ಇನ್ನೊಂದು ಪ್ರಶ್ನೆ, ಮಗಳನ್ನು ಹತ್ತಿರ ಮಲಗಿಸಬಹುದೇ ಎಂದು. ಮಲಗಿಸಬಹುದು. ಹೊರಗಿನ ಯಂತ್ರದಿಂದ ಬಿಟ್ಟ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ಮುಟ್ಟಿದವರಿಗೆ ಏನೂ ಆಗುವುದಿಲ್ಲ.

ಹೋಗುವುದು, ಬರುವುದು

ಸಮಯ ನೀವು ಕೇಳಿದಂತೆ ಸಿಗುವುದಿಲ್ಲ, ಆದರೆ ತಯಾರಿಯ ದಿನವೇ ಕೇಳಿಟ್ಟರೆ ಪ್ರಯತ್ನಿಸುತ್ತಾರೆ. ‘ಮಗಳನ್ನು ಶಾಲೆಗೆ ಬಿಟ್ಟು ಹೊರಡಬೇಕು, ಮೂರು ಗಂಟೆಗೆ ಮತ್ತೆ ಶಾಲೆಯ ಬಾಗಿಲಲ್ಲಿರಬೇಕು’ ಎಂದು ಒಂದೇ ವಾಕ್ಯದಲ್ಲಿ ಹೇಳಿದೆ, ಹನ್ನೊಂದೂವರೆಯ ಆಸುಪಾಸು ಕೊಟ್ಟರು. ಯಂತ್ರದ ಸರ್ವಿಸ್ ದಿನ ಎಲ್ಲ ತಲೆಕೆಳಗಾಗುತ್ತದೆ. ಸಾರ್ವಜನಿಕ ರಜೆಯ ಸೋಮವಾರ ಬಂದರೆ ಖುಷಿಪಡಬೇಡಿ: ತಲೆ-ಕತ್ತಿನ ಕ್ಯಾನ್ಸರಿನಲ್ಲಿ ದಿನ ತಪ್ಪಬಾರದು, ತಪ್ಪಿದ ದಿನವನ್ನು ಶನಿವಾರವೋ, ಒಂದೇ ದಿನ ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲವೋ ಕೊಟ್ಟು ತುಂಬಿಸುತ್ತಾರೆ. ಆಗಸ್ಟ್ ಕೊನೆಯ ರಜೆಗೆ ನಮಗೆ ಹಾಗಾಯಿತು. ಬೆಳಿಗ್ಗೆ ಎಂಟಕ್ಕೊಂದು, ಮಧ್ಯಾಹ್ನ ಮೂರಕ್ಕೊಂದು. ನಡುವಿನ ಹೊತ್ತು ಕಾರಿನ ಸೀಟು ಮಲಗಿಸಿ ಇವರು ನಿದ್ದೆ ಹೋದರು, ನಾನು ಎದುರಿನ ಗೋಡೆಯ ಇಟ್ಟಿಗೆ ಎಣಿಸಿದೆ. ಅಂಥ ದಿನಕ್ಕೆ ಮಗಳನ್ನು ಶಾಲೆಯಿಂದ ಕರೆತರಲು ಒಬ್ಬರನ್ನು ಮೊದಲೇ ಗೊತ್ತುಮಾಡಿಡಿ.

ಭಾರತದ ಡ್ರೈವಿಂಗ್ ಲೈಸೆನ್ಸ್ ಇಲ್ಲಿ ನೆಲೆಸಿದ ಮೇಲೆ ಹನ್ನೆರಡು ತಿಂಗಳು ಮಾತ್ರ ನಡೆಯುತ್ತದೆ, ನಂತರ ಇಲ್ಲಿನ ಪರೀಕ್ಷೆ ಪಾಸಾಗಬೇಕು. ಮನೆಯಲ್ಲಿ ಒಬ್ಬರಿಗೆ ಬಂದರೆ ಸಾಕು ಎಂದು ಮುಂದೂಡಬೇಡಿ. ಕಾಯಿಲೆ ಬರುವುದು ಆ ಒಬ್ಬರಿಗೇ ಇರಬಹುದು. ನನ್ನಲ್ಲಿ ಲೈಸೆನ್ಸ್ ಇತ್ತು, ಧೈರ್ಯ ಇರಲಿಲ್ಲ. ದೇವಿಮನೆ ಘಟ್ಟದಲ್ಲಿ ಮಳೆಗಾಲದಲ್ಲಿ ಸ್ಕೂಟರ್ ಇಳಿಸಿದವಳು ಮೋಟಾರ್‌ವೇ ಸೇರುವ ಜಾಗದಲ್ಲಿ ಬೆವರುತ್ತಿದ್ದೆ. ಮೊದಲ ವಾರ ಇವರೇ ಪಕ್ಕದಲ್ಲಿ ಕುಳಿತು ‘ಈಗ ಹೋಗು’ ಎನ್ನುತ್ತಿದ್ದರು. ನಾಲ್ಕನೆಯ ವಾರ ಮಾತಾಡಲು ಬಾಯಿ ಏಳದೆ ಬೆರಳಿನಿಂದ ತೋರಿಸುತ್ತಿದ್ದರು.

ಪಾರ್ಕಿಂಗ್ ವಿಷಯದಲ್ಲಿ ನಾನು ಪೂರ್ತಿ ದಡ್ಡಿಯಾದೆ. ದಿನಾ ಯಂತ್ರಕ್ಕೆ ಕಾರ್ಡು ತಾಗಿಸಿ ದುಡ್ಡು ಕಟ್ಟುತ್ತಿದ್ದೆ. ಎರಡು ವಾರವಾದ ಮೇಲೆ ಕಾಯುವ ಕೋಣೆಯಲ್ಲಿ ಪಕ್ಕದವಳೊಬ್ಬಳು, ನಿನಗೆ ಪರ್ಮಿಟ್ ಕೊಟ್ಟಿಲ್ಲವೇ ಎಂದಳು. ರೇಡಿಯೋಥೆರಪಿ ರೋಗಿಗಳಿಗೆ ಪುಕ್ಕಟೆ ಪರ್ಮಿಟ್ ಇತ್ತು, ಸ್ವಾಗತ ಮೇಜಿನಲ್ಲೇ ಇತ್ತು. ‘ನೀವು ಕೇಳಲಿಲ್ಲವಲ್ಲ’ ಎಂದರು. ಹಿಂದಿನ ದುಡ್ಡು ವಾಪಸು ಬರಲಿಲ್ಲ. ಪುಕ್ಕಟೆಯೋ ರಿಯಾಯಿತಿಯೋ ಎಂಬುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ, ಆದ್ದರಿಂದ ಮೊದಲ ದಿನ ಒಳಗೆ ಕಾಲಿಟ್ಟ ಕೂಡಲೇ ಕೇಳಿ.

ಕಾರಿಲ್ಲದವರಿಗೆ, ಅಥವಾ ಬಸ್ಸು ರೈಲಿನಲ್ಲಿ ಹೋಗಲಾರದ ಸ್ಥಿತಿಯಲ್ಲಿರುವವರಿಗೆ, ಆಸ್ಪತ್ರೆಯ ರೋಗಿ ಸಾರಿಗೆ ಇದೆ. ಅರ್ಹತೆಯ ಪ್ರಶ್ನೆಗಳನ್ನು ಫೋನಿನಲ್ಲಿ ಕೇಳುತ್ತಾರೆ, ಮತ್ತೆ ಸಂಕೋಚ ಬಿಟ್ಟು ಉತ್ತರಿಸಿ. ನಮ್ಮ ಎದುರುಮನೆಯವರಿಗೆ ಅದು ಸಿಕ್ಕಿತ್ತು. ಇಬ್ಬರು ಮೂವರನ್ನು ಹತ್ತಿಸಿಕೊಂಡು ಸುತ್ತು ಹಾಕಿ ಹೋಗುವುದರಿಂದ ಹತ್ತು ನಿಮಿಷದ ಚಿಕಿತ್ಸೆಗೆ ಅರ್ಧ ದಿನ. ಕೆಲವು ಊರುಗಳಲ್ಲಿ ಸ್ವಯಂಸೇವಕರು ತಮ್ಮ ಕಾರಿನಲ್ಲಿ ಒಯ್ಯುವ ಏರ್ಪಾಡೂ ಇದೆ, ಮೈಲಿಗಿಷ್ಟು ಎಂದು ಪೆಟ್ರೋಲ್ ಖರ್ಚು ತೆಗೆದುಕೊಳ್ಳುತ್ತಾರೆ. ಇದನ್ನೂ ಸಿಎನ್‌ಎಸ್ ನರ್ಸಿಗೆ ಕೇಳಿ.

ಆದಾಯ ಕಡಿಮೆ ಇದ್ದರೆ ಪ್ರಯಾಣದ ಖರ್ಚು ವಾಪಸು ಪಡೆಯುವ ಎನ್‌ಎಚ್‌ಎಸ್ ಯೋಜನೆ ಇದೆ. ಕೆಲವು ಸರ್ಕಾರಿ ಭತ್ಯೆ ಪಡೆಯುವವರಿಗೆ ನೇರವಾಗಿ. ಉಳಿದವರು ಎಚ್‌ಸಿ1 ಎಂಬ ಅರ್ಜಿ ಹಾಕಿದರೆ, ಪೂರ್ತಿ ಸಹಾಯಕ್ಕೆ ಎಚ್‌ಸಿ2, ಭಾಗಶಃ ಸಹಾಯಕ್ಕೆ ಎಚ್‌ಸಿ3 ಪ್ರಮಾಣಪತ್ರ ಬರುತ್ತದೆ. ಉಳಿತಾಯ 16,000 ಪೌಂಡ್ ಮೀರಿದ್ದರೆ ಸಿಗುವುದಿಲ್ಲ. ರೋಗಿ ಒಬ್ಬರೇ ಪ್ರಯಾಣಿಸಲಾರರು ಎಂದು ಡಾಕ್ಟರೋ ನರ್ಸೋ ಹೇಳಿದರೆ ಜೊತೆಗೆ ಹೋಗುವವರ ಖರ್ಚೂ ಸೇರುತ್ತದೆ. ಭೇಟಿಯಾದ ದಿನದಿಂದ ಮೂರು ತಿಂಗಳೊಳಗೆ ಕೇಳಬೇಕು, ಟಿಕೆಟು ರಸೀದಿಗಳನ್ನು ಎಸೆಯಬೇಡಿ.

ಕೆಲಸ, ದುಡ್ಡು, ವೀಸಾ

ಔಷಧಿಯದು ಸುಲಭ, ಅದನ್ನು ಮೊದಲು ಮುಗಿಸುತ್ತೇನೆ. ಇಂಗ್ಲೆಂಡಿನಲ್ಲಿ ಚೀಟಿಯ ಪ್ರತಿ ಔಷಧಿಗೆ 9.90 ಪೌಂಡ್, 2024ರಿಂದ ಇರುವ ದರ. ಕ್ಯಾನ್ಸರ್ ರೋಗಿಗಳು 2009ರಿಂದ ಇದನ್ನು ಕೊಡಬೇಕಾಗಿಲ್ಲ. ಜಿಪಿ ಕಚೇರಿಯಲ್ಲಿ ಎಫ್‌ಪಿ92ಎ ಅರ್ಜಿ ತುಂಬಿದರೆ ಐದು ವರ್ಷದ ವಿನಾಯಿತಿ ಪತ್ರ ಬರುತ್ತದೆ, ಅದರಲ್ಲಿ ನೆಗಡಿಯ ಔಷಧಿಯೂ ಸೇರಿತು. ನಮಗೆ ವಾರಕ್ಕೆ ಏಳೆಂಟು ಔಷಧಿ ಬರೆಯುತ್ತಿದ್ದರು.

ರೋಗಿಯ ಕೆಲಸಕ್ಕೆ ಕಾನೂನಿನ ರಕ್ಷಣೆ ಗಟ್ಟಿಯಾಗಿದೆ. 2010ರ ಸಮಾನತೆ ಕಾಯ್ದೆಯಲ್ಲಿ ಕ್ಯಾನ್ಸರ್ ಪತ್ತೆಯಾದ ದಿನದಿಂದಲೇ ಅದು ಅಂಗವೈಕಲ್ಯದ ವ್ಯಾಖ್ಯೆಗೆ ಬರುತ್ತದೆ. ಆ ಪದ ಕೇಳಿ ಇವರು ಮುಖ ಸಿಂಡರಿಸಿದರು. ಪದ ಬಿಡಿ, ಅದರ ಬಲದಿಂದ ಕೆಲಸದ ವೇಳೆ ಬದಲಿಸಿ ಎಂದು ಕೇಳುವ ಹಕ್ಕು ಬರುತ್ತದೆ. ಕಾಯಿಲೆಯ ಮೊದಲ ಏಳು ದಿನಕ್ಕೆ ಸ್ವಂತ ಹೇಳಿಕೆ ಸಾಕು, ನಂತರ ಡಾಕ್ಟರ ಚೀಟಿ ಬೇಕು.

ಜೊತೆಗೆ ಹೋಗುವವರ ಪಾಲಿಗೆ ಬರುವುದು ಕಡಿಮೆ. 2024ರ ಏಪ್ರಿಲ್ 6ರಿಂದ ಆರೈಕೆ ಮಾಡುವ ನೌಕರರಿಗೆ ವರ್ಷಕ್ಕೆ ಒಂದು ವಾರದ ಸಂಬಳವಿಲ್ಲದ ರಜೆ, ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ. ಅರ್ಧ ಅರ್ಧ ದಿನವಾಗಿಯೂ ತೆಗೆದುಕೊಳ್ಳಬಹುದು. ವಾರಕ್ಕೆ ಐದು ದಿನ ದುಡಿಯುವವರಿಗೆ ಹತ್ತು ಅರ್ಧ ದಿನ. ನನ್ನ ಮೂವತ್ತು ಪ್ರಯಾಣಗಳಲ್ಲಿ ಹತ್ತು ಅದರಲ್ಲಿ ಹೋದವು. ಉಳಿದದ್ದಕ್ಕೆ ನನ್ನ ವಾರ್ಷಿಕ ರಜೆ, ಮತ್ತು ಸಂಜೆ ಆರರಿಂದ ಒಂಬತ್ತು ಕೆಲಸ ಮಾಡುತ್ತೇನೆಂದು ಮ್ಯಾನೇಜರರ ಜೊತೆ ಮಾಡಿಕೊಂಡ ಒಪ್ಪಂದ. ವೇಳೆ ಬದಲಿಸಿ ಎಂದು ಕೇಳುವ ಹಕ್ಕೂ ಅದೇ ದಿನಾಂಕದಿಂದ, ಮೊದಲ ದಿನದಿಂದಲೇ ಇದೆ. ಕೊಡಲೇಬೇಕೆಂದಿಲ್ಲ.

ಈಗ ವೀಸಾದವರು ಎರಡು ಸಲ ಓದಬೇಕಾದದ್ದು. ನೀವು ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದು, ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳಲು ಒಂದು ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು ನಾಲ್ಕು ವಾರಕ್ಕಿಂತ ಹೆಚ್ಚು ಸಂಬಳವಿಲ್ಲದ ರಜೆ ಹಾಕಿದರೆ, ಕಂಪನಿ ನಿಮ್ಮ ಪ್ರಾಯೋಜಕತ್ವ ನಿಲ್ಲಿಸಬೇಕಾಗಬಹುದು. ನಿಮಗೇ ಕಾಯಿಲೆಯಾದರೆ ಈ ನಿಯಮಕ್ಕೆ ವಿನಾಯಿತಿ ಇದೆ; ಇನ್ನೊಬ್ಬರ ಆರೈಕೆಗೆ ಅಂಥ ವಿನಾಯಿತಿ ಇದೆ ಎಂದು ನಂಬಿ ಕೂರಬೇಡಿ. ‘ಎರಡು ತಿಂಗಳು ಸಂಬಳ ಬೇಡ, ರಜೆ ಕೊಡಿ’ ಎಂದು ದೊಡ್ಡ ಮನಸ್ಸಿನಿಂದ ಬರೆದುಕೊಡುವ ಮುಂಚೆ ವಲಸೆ ವಕೀಲರನ್ನು ಕೇಳಿ.

ಚಿಕಿತ್ಸೆಯ ಖರ್ಚು ವೀಸಾದ ಜೊತೆ ಕಟ್ಟಿದ ಆರೋಗ್ಯ ಶುಲ್ಕದಲ್ಲೇ ಸೇರಿದೆ, ಈಗ ಅದು ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್. ಆದರೆ ವೀಸಾದಲ್ಲಿ ‘ಸಾರ್ವಜನಿಕ ನಿಧಿ ಇಲ್ಲ’ ಎಂಬ ಷರತ್ತಿದ್ದರೆ ಆರೈಕೆದಾರರ ಭತ್ಯೆ, ಅಂಗವೈಕಲ್ಯದ ಭತ್ಯೆ, ಯೂನಿವರ್ಸಲ್ ಕ್ರೆಡಿಟ್ ಎಂಬ ಕಡಿಮೆ ಆದಾಯದವರ ಭತ್ಯೆ ಇವುಗಳಿಗೆ ಕೈ ಹಾಕಬಾರದು. ಆಸ್ಪತ್ರೆಯ ಒಳ್ಳೆಯ ಮನಸ್ಸಿನ ಸ್ವಯಂಸೇವಕಿಯೊಬ್ಬರು ಅರ್ಜಿ ತಂದು ಪೆನ್ನನ್ನೂ ಕೈಗೆ ಕೊಟ್ಟಿದ್ದರು. ವೀಸಾ ಷರತ್ತು ಅವರಿಗೆ ಗೊತ್ತಿರಲಿಲ್ಲ. ಮ್ಯಾಕ್‌ಮಿಲನ್ ಎಂಬ ಕ್ಯಾನ್ಸರ್ ಸೇವಾ ಸಂಸ್ಥೆಯ ಫೋನು ಸೇವೆಯಲ್ಲಿ ಭತ್ಯೆಗಳ ತಜ್ಞರೇ ಇರುತ್ತಾರೆ, ವೀಸಾದ ಹೆಸರು ಹೇಳಿ ಕೇಳಿದರೆ ಯಾವುದು ಸಲ್ಲುತ್ತದೆ ಯಾವುದು ಸಲ್ಲುವುದಿಲ್ಲ ಎಂದು ಬಿಡಿಸಿ ಹೇಳುತ್ತಾರೆ.

ಅತ್ತೆ ಮಾವನನ್ನೋ ಅಮ್ಮನನ್ನೋ ಸಹಾಯಕ್ಕೆ ಕರೆಸುವುದಾದರೆ, ಭೇಟಿ ವೀಸಾದಲ್ಲಿ ಬಂದವರಿಗೆ ಇಲ್ಲಿನ ಆಸ್ಪತ್ರೆ ಪುಕ್ಕಟೆ ಅಲ್ಲ. ದಾಖಲಾದರೆ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು ಬಿಲ್ ಬರುತ್ತದೆ. ಪ್ರಯಾಣ ವಿಮೆ ಇಲ್ಲದೆ ವಿಮಾನ ಹತ್ತಿಸಬೇಡಿ.

ಗಂಜಿ

ಮೂರನೆಯ ವಾರದಿಂದ ಬಾಯಿ ಸುಟ್ಟ ಹಾಗೆ. ಎಂಜಲು ಅಂಟಾಗುತ್ತದೆ, ರುಚಿ ಹೋಗುತ್ತದೆ. ಆಹಾರತಜ್ಞೆ ವಾರಕ್ಕೊಮ್ಮೆ ತೂಕ ನೋಡುತ್ತಾಳೆ, ಇಳಿದರೆ ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕುವ ಮಾತು ಬರುತ್ತದೆ. ಅವಳು ಕೊಟ್ಟ ಪಟ್ಟಿಯಲ್ಲಿ ಕಸ್ಟರ್ಡ್, ಹಿಸುಕಿದ ಆಲೂಗಡ್ಡೆ, ಮೀನಿನ ಪೈ ಇದ್ದವು. ಇವರು ಎರಡು ದಿನ ಪಟ್ಟಿಯಂತೆ ತಿಂದು ಮೂರನೆಯ ದಿನ ತಟ್ಟೆ ಸರಿಸಿದರು. ನಾನು ಹೋಗಿ ಅವಳಿಗೆ ಗಂಜಿ ಎಂದರೇನು ಎಂದು ವಿವರಿಸಿದೆ: ಕೆಂಪಕ್ಕಿ ಕರಗುವಷ್ಟು ಬೇಯಿಸಿ, ಮಿಕ್ಸಿಯಲ್ಲಿ ತಿರುಗಿಸಿ, ಮೇಲೆ ಎರಡು ಚಮಚ ತುಪ್ಪ. ಅವಳು ಆಸಕ್ತಿಯಿಂದ ಕೇಳಿ, ತುಪ್ಪ ನಾಲ್ಕು ಚಮಚ ಮಾಡು, ಹಾಲಿನ ಪುಡಿ ಸೇರಿಸು ಎಂದಳು. ಅಂದಿನಿಂದ ಅವಳ ಕಡತದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಗಂಜಿ ಎಂದೇ ಬರೆದಿದೆ.

ತಂಬುಳಿ ನಡೆಯುತ್ತದೆ ಎಂದುಕೊಂಡಿದ್ದೆ. ಮಜ್ಜಿಗೆಯ ಹುಳಿ, ಕಾಳುಮೆಣಸು ಎರಡೂ ಉರಿಯುತ್ತವೆ. ಒಂದೆಲಗ ಇಲ್ಲಿ ಸಿಗುವುದೂ ಇಲ್ಲ. ಪಾಲಕ್ ಎಲೆ ಬೇಯಿಸಿ ತೆಂಗಿನಹಾಲಿನಲ್ಲಿ ಅರೆದು ತಣ್ಣಗೆ ಕೊಟ್ಟೆ, ಅದು ಇಳಿಯಿತು. ಮುರುಗಲ ಪಾನಕದ ಆಸೆ ಪಟ್ಟರು, ಒಂದು ಗುಟುಕಿಗೇ ಕಣ್ಣಲ್ಲಿ ನೀರು. ಮೈಗೆ ಶಕ್ತಿ ಕೊಡುವ ಸಿಹಿ ಹಾಲಿನ ಬಾಟಲಿಗಳನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆ. ಇವರು ಅವನ್ನು ‘ಪೆಯಿಂಟ್’ ಎಂದು ಕರೆಯುತ್ತಿದ್ದರು, ಆದರೂ ದಿನಕ್ಕೆ ನಾಲ್ಕು ಕುಡಿದರು.

ನೋವಿಗೆ ಮಾರ್ಫಿನ್ ದ್ರವ ಬರೆದಾಗ ನಾವಿಬ್ಬರೂ ಹೆದರಿದೆವು. ಊರಿನಲ್ಲಿ ಮಾರ್ಫಿನ್ ಎಂದರೆ ಕೊನೆಯ ದಿನಗಳ ಔಷಧಿ. ಇಲ್ಲಿ ಅದನ್ನು ನುಂಗುವ ಹಾಗಾಗಲಿ ಎಂದು ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡುತ್ತಾರೆ, ಮುಂದೆ ಹಂತಹಂತವಾಗಿ ನಿಲ್ಲಿಸುತ್ತಾರೆ. ಮಲಬದ್ಧತೆಯ ಔಷಧಿಯನ್ನು ಅದರ ಜೊತೆಗೇ ಕೇಳಿ ತನ್ನಿ.

ಕೀಮೋ ಕೂಡ ನಡೆಯುತ್ತಿದ್ದರೆ ಒಂದು ಮಾತು. ಅಂಥವರಿಗೆ ಇಪ್ಪತ್ತನಾಲ್ಕು ಗಂಟೆಯ ಫೋನು ಸಂಖ್ಯೆ ಇರುವ ಎಚ್ಚರಿಕೆ ಕಾರ್ಡು ಕೊಡುತ್ತಾರೆ. ಜ್ವರ 38 ಡಿಗ್ರಿ ಮುಟ್ಟಿದರೆ, ಅಥವಾ ಕಾರ್ಡಿನಲ್ಲಿ ಬರೆದ ಅಂಕಿ ಮುಟ್ಟಿದರೆ, ರಾತ್ರಿ ಎರಡು ಗಂಟೆಯಾದರೂ ಕೂಡಲೇ ಆ ಸಂಖ್ಯೆಗೆ ಫೋನು ಮಾಡಿ. ಜ್ವರ ನೋಡುವ ಮುಂಚೆ ಪ್ಯಾರಾಸಿಟಮಾಲ್ ಕೊಡಬೇಡಿ, ಅಂಕಿ ಮರೆಯಾಗುತ್ತದೆ. ಬೆಳಿಗ್ಗೆ ನೋಡೋಣ ಎಂದು ಕಾಯುವ ಕಾಯಿಲೆ ಇದಲ್ಲ. ಬಿಳಿರಕ್ತಕಣ ಇಳಿದಾಗ ಸೋಂಕು ಗಂಟೆಗಳಲ್ಲಿ ಏರುತ್ತದೆ.

ಮುಗಿದ ಮೇಲೆ

ಮೂವತ್ತನೆಯ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು, ಮುಖವಾಡವನ್ನು ಮನೆಗೆ ಒಯ್ಯುತ್ತೀರಾ ಎಂದು ಕೇಳಿದರು. ಊರಿನಿಂದ ಅಭಿನಂದನೆಯ ಫೋನುಗಳು ಬಂದವು. ನಿಜವಾದ ಕಷ್ಟ ಶುರುವಾದದ್ದು ಮರುವಾರ. ಕಿರಣದ ಕೆಲಸ ಚಿಕಿತ್ಸೆ ನಿಂತ ಮೇಲೂ ಒಳಗೆ ನಡೆಯುತ್ತಿರುತ್ತದೆ, ಬಾಯಿಯ ಉರಿ, ದಣಿವು ಎರಡೂ ಕೊನೆಯ ದಿನದ ನಂತರದ ಒಂದೆರಡು ವಾರದಲ್ಲಿ ತುದಿ ಮುಟ್ಟುತ್ತವೆ. ನಾನು ರಜೆಯನ್ನೆಲ್ಲ ಅಷ್ಟರಲ್ಲಿ ಮುಗಿಸಿದ್ದೆ. ನೀವು ಐದು ದಿನವಾದರೂ ಆ ಎರಡು ವಾರಕ್ಕೆ ಉಳಿಸಿಡಿ.

ಜಿಪಿಯಲ್ಲಿ ನಿಮ್ಮನ್ನೂ ಆರೈಕೆದಾರರೆಂದು ನೋಂದಾಯಿಸಿಕೊಳ್ಳಿ ಎಂದು ನನಗೆ ಹೇಳಿದ್ದು ಆಗಲೇ. ನೋಡಿಕೊಳ್ಳುವವರ ಅಗತ್ಯಗಳನ್ನು ಊರಿನ ಕೌನ್ಸಿಲ್ ಅಳೆದು ನೋಡಬೇಕೆಂದು 2014ರ ಆರೈಕೆ ಕಾಯ್ದೆ ಹೇಳುತ್ತದೆ. ನಾನು ಅದನ್ನು ಮಾಡಿಸಲಿಲ್ಲ. ಆಗ ಕೇಳಿದ್ದರೆ ನನಗೆ ಬೇಕಾದದ್ದು ಎರಡು ಗಂಟೆ ನಿದ್ದೆ ಎನ್ನುತ್ತಿದ್ದೆ.

ಐದು ತಿಂಗಳ ಮೇಲೆ ಊರಿಗೆ ಹೋದೆವು. ಆಸ್ಪತ್ರೆಯ ಚಿಕಿತ್ಸಾ ಸಾರಾಂಶದ ಪತ್ರವನ್ನು ಎರಡು ಪ್ರತಿ ಮಾಡಿ ಒಯ್ಯಿರಿ. ದವಡೆಗೆ ಕರೆಂಟ್ ಬಿದ್ದವರು ಶಿರಸಿಯಲ್ಲಾಗಲಿ ಕಾರವಾರದಲ್ಲಾಗಲಿ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕುಳಿತರೆ ಬಾಯಿ ತೆರೆಯುವ ಮುಂಚೆ ಆ ಪತ್ರ ತೋರಿಸಬೇಕು, ಒಂದು ಹಲ್ಲನ್ನೂ ಸುಮ್ಮನೆ ಕೀಳಿಸಬಾರದು.

ಅಡಿಕೆ ಕೊಯ್ಲಿನ ಸಮಯ. ಅಂಗಳದ ತುಂಬ ಅಡಿಕೆ ಹರಡಿತ್ತು. ಜಗುಲಿಯ ನಡುವೆ ಕವಳದ ಬಟ್ಟಲು ಇರುತ್ತಿದ್ದ ಜಾಗದಲ್ಲಿ ಒಂದು ತಂಬಿಗೆ ನೀರಿತ್ತು. ರಾತ್ರಿ ಊಟವಾದ ಮೇಲೆ ಮಾವ ಎದ್ದು ಕೊಟ್ಟಿಗೆಯ ಕಡೆಗೆ ಹೋಗಿ ಬಂದರು. ಬಾಯಿ ಕೆಂಪಾಗಿತ್ತು. ಇವರು ನೋಡದವರಂತೆ ಫೋನು ನೋಡುತ್ತ ಕುಳಿತಿದ್ದರು.